ದಾವಣಗೆರೆಯಲ್ಲಿ ಕೂತು ಕೋಲ್ಡ್ ಇಮೇಲ್‌ನಿಂದ ಗಿರಾಕಿ ಹಿಡಿಯುವುದು ಹೇಗೆ

ಪರಿಚಯವಿಲ್ಲದವರಿಗೆ ಕೆಲಸ ಕೇಳಿ ನಾವೇ ಮೊದಲು ಬರೆಯುವ ಮೇಲ್‌ಗೆ ಕೋಲ್ಡ್ ಇಮೇಲ್ ಎನ್ನುತ್ತಾರೆ. ಈ ಬರಹ ಅದನ್ನು ಬರೆಯಬೇಕಾದ ಸಣ್ಣ ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯವರಿಗೆ. ಬೆಂಗಳೂರಿನ ಏಜೆನ್ಸಿಯೊಂದು ಐದು ಸಾವಿರ ಜನಕ್ಕೆ ಕೆಟ್ಟ ಮೇಲ್ ಕಳಿಸಿದರೂ ಮುಂದಿನ ಐದು ಸಾವಿರ ವಿಳಾಸ ಅದಕ್ಕೆ ಸಿಗುತ್ತವೆ. ದಾವಣಗೆರೆಯಲ್ಲಿ ಹಾಗಲ್ಲ. ಚೌಕಿಪೇಟೆಯ ಅಂಗಡಿಯವರು, ಪಿ.ಜೆ. ಬಡಾವಣೆಯ ಆಸ್ಪತ್ರೆಯವರು, ಹರಿಹರದ ವರ್ಕ್‌ಶಾಪಿನವರು ಒಂದೇ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುವ ಜನ. ವೆಬ್‌ಸೈಟು, ಜಾಹೀರಾತು, ಸೋಷಿಯಲ್ ಮೀಡಿಯಾ ಕೆಲಸಕ್ಕೆ ಪ್ರತಿ ತಿಂಗಳು ಹಣ ಕೊಡಬಲ್ಲವರ ಪಟ್ಟಿ ಬೇಗ ಮುಗಿದುಬಿಡುತ್ತದೆ, ಒಮ್ಮೆ ಹೆಸರು ಕೆಟ್ಟರೆ ಇನ್ನೊಂದು ಪಟ್ಟಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ವಿಧಾನದಲ್ಲಿ ಸಂಖ್ಯೆ ಕಡಿಮೆ, ತಯಾರಿ ಹೆಚ್ಚು: ದಿನಕ್ಕೆ ಹತ್ತು ಮೇಲ್, ಒಂದೊಂದಕ್ಕೂ ಹದಿನೈದು ನಿಮಿಷ.

ಯಾರಿಗೆ ಬರೆಯಬೇಕು

ಎಲ್ಲ ವ್ಯಾಪಾರಿಗಳೂ ಇಮೇಲ್ ನೋಡುವುದಿಲ್ಲ. ಎಪಿಎಂಸಿಯ ದಲಾಲರಿಗೆ, ಮಂಡಕ್ಕಿ ಭಟ್ಟಿಯವರಿಗೆ, ಬೆಣ್ಣೆ ದೋಸೆ ಹೋಟೆಲಿನವರಿಗೆ ಮೇಲ್ ಬರೆದು ಕಾಯುವುದು ವ್ಯರ್ಥ. ಅವರ ವ್ಯವಹಾರ ಫೋನು, ವಾಟ್ಸಾಪ್‌ನಲ್ಲೇ ನಡೆಯುತ್ತದೆ, ಅಲ್ಲಿಗೆ ನೇರವಾಗಿ ಹೋಗುವುದೇ ಸರಿ. ಮೇಲ್ ನಿಜವಾಗಿ ಓದುವವರು ಯಾರೆಂದರೆ, ಇನ್ಶೂರೆನ್ಸ್ ಕ್ಲೇಮಿಗಾಗಿ ದಿನವೂ ಇನ್‌ಬಾಕ್ಸ್ ತೆರೆಯುವ ಖಾಸಗಿ ಆಸ್ಪತ್ರೆಗಳು, ಕಾಲೇಜುಗಳ ಅಡ್ಮಿಷನ್ ವಿಭಾಗ, ಹೊರ ಊರಿನ ಕಂಪನಿಗಳಿಂದ ಪರ್ಚೇಸ್ ಆರ್ಡರ್ ಪಡೆಯುವ ಹರಿಹರದ ಇಂಜಿನಿಯರಿಂಗ್ ಘಟಕಗಳು, ಬೀಜ–ಗೊಬ್ಬರದ ಡಿಸ್ಟ್ರಿಬ್ಯೂಟರುಗಳು, ಹೊರರಾಜ್ಯಕ್ಕೆ ಮಾಲು ಕಳಿಸುವ ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಆನ್‌ಲೈನಿನಲ್ಲಿ ಮಾರುವ ಮೊಳಕಾಲ್ಮೂರು ಸೀರೆ ವ್ಯಾಪಾರಿಗಳು.

ಪರೀಕ್ಷೆ ಸುಲಭ. ಅವರ ಬೋರ್ಡು, ಬಿಲ್ಲು ಅಥವಾ ವೆಬ್‌ಸೈಟಿನಲ್ಲಿ ಸ್ವಂತ ಡೊಮೇನಿನ ಇಮೇಲ್ (@ ಗುರುತಿನ ನಂತರ ಜಿಮೇಲ್ ಬದಲು ಸಂಸ್ಥೆಯದೇ ಹೆಸರು) ಇದೆಯೇ ನೋಡಿ. ಇದ್ದರೆ ಅಲ್ಲಿ ಮೇಲ್ ಓದುವ ಒಬ್ಬ ಮನುಷ್ಯ ಇದ್ದಾನೆ ಎಂದು ಬಹುಮಟ್ಟಿಗೆ ನಂಬಬಹುದು. ಹೆಸರಿನ ಮುಂದೆ ಒಂದಿಷ್ಟು ಅಂಕಿ ಸೇರಿದ ಜಿಮೇಲ್ ವಿಳಾಸವಾದರೆ ಎಚ್ಚರ: ಎಷ್ಟೋ ಅಂಗಡಿಗಳಲ್ಲಿ ಅದು ಜಿಎಸ್‌ಟಿ ನೋಂದಣಿಗೆಂದು ಆಡಿಟರ್ ಆಫೀಸಿನ ಹುಡುಗ ಮಾಡಿಕೊಟ್ಟ ವಿಳಾಸ. ಪಾಸ್‌ವರ್ಡು ಯಜಮಾನರ ಹತ್ತಿರ ಇರುವುದಿಲ್ಲ. ನಿಮ್ಮ ಮೇಲ್ ಆಡಿಟರ್ ಆಫೀಸಿನಲ್ಲಿ ನೋಟಿಸುಗಳ ನಡುವೆ ಬಿದ್ದಿರುತ್ತದೆ.

ಪಟ್ಟಿಯನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಅದರಲ್ಲಿ ಸತ್ತ ವಿಳಾಸಗಳು ಹೆಚ್ಚು, ಅದೇ ಪಟ್ಟಿ ಇನ್ನೂ ಹತ್ತು ಏಜೆನ್ಸಿಗಳ ಕೈಯಲ್ಲಿರುತ್ತದೆ. ಗೂಗಲ್ ಮ್ಯಾಪ್ಸ್, ಇಂಡಿಯಾಮಾರ್ಟ್, ಲಿಂಕ್ಡ್‌ಇನ್ ಮತ್ತು ಅವರ ಸ್ವಂತ ವೆಬ್‌ಸೈಟಿನಿಂದ ಕೈಯಾರೆ ಬರೆದುಕೊಳ್ಳಿ. ಶೀಟಿನಲ್ಲಿ ಏಳು ಕಾಲಂ ಸಾಕು: ಸಂಸ್ಥೆ, ನಿರ್ಧಾರ ಮಾಡುವವರ ಹೆಸರು, ಇಮೇಲ್, ಫೋನು, ‘ಕಂಡ ವಿಷಯ’ (ಅವರಲ್ಲಿ ಸರಿಪಡಿಸಬಹುದಾದದ್ದು ಎಂದು ನೀವು ಗಮನಿಸಿದ್ದು), ಕಳಿಸಿದ ದಿನ, ಉತ್ತರ. ಐದನೆಯ ಕಾಲಂ ಖಾಲಿ ಇದ್ದರೆ ಆ ಸಾಲಿಗೆ ಮೇಲ್ ಹೋಗಕೂಡದು. ಹೆಸರನ್ನು ಬೋರ್ಡಿನ ಮೇಲೆ ಇರುವ ಹಾಗೆಯೇ ಬರೆಯಿರಿ. ಶೆಟ್ಟರ್ ಅವರನ್ನು ಶೆಟ್ಟಿ ಮಾಡಿದರೆ, ಇನಿಷಿಯಲ್ ತಪ್ಪಿದರೆ ಮುಂದಿನ ಸಾಲನ್ನು ಅವರು ಓದುವುದಿಲ್ಲ.

ಡೊಮೇನು ಮತ್ತು ಮೂರು ದಾಖಲೆ

ಮುಖ್ಯ ಡೊಮೇನಿನಿಂದ ಕೋಲ್ಡ್ ಮೇಲ್ ಕಳಿಸಬೇಡಿ. ನಾಲ್ಕು ಜನ ಸ್ಪ್ಯಾಮ್ ಬಟನ್ ಒತ್ತಿದರೆ ನಾಳೆ ಹಳೆಯ ಗಿರಾಕಿಗೆ ಕಳಿಸುವ ಇನ್‌ವಾಯ್ಸ್ ಕೂಡ ಸ್ಪ್ಯಾಮಿಗೆ ಬೀಳಬಹುದು. ಅದೇ ಹೆಸರಿಗೆ ಹತ್ತಿರವಾದ ಎರಡನೆಯ ಡೊಮೇನ್ ಕೊಳ್ಳಿ. ಡಾಟ್ ಇನ್ ಅಥವಾ ಡಾಟ್ ಕಾಮ್ ಇರಲಿ, ತೀರಾ ಅಗ್ಗಕ್ಕೆ ಸಿಗುವ ವಿಚಿತ್ರ ಬಾಲದ ಡೊಮೇನ್ ಬೇಡ. ಸ್ಪ್ಯಾಮ್ ಕಳಿಸುವವರೂ ಅವನ್ನೇ ಕೊಳ್ಳುವುದರಿಂದ ಫಿಲ್ಟರುಗಳು ಮೊದಲೇ ಅನುಮಾನದಿಂದ ನೋಡುತ್ತವೆ. ಹೊಸ ಡೊಮೇನನ್ನು ಬ್ರೌಸರಿನಲ್ಲಿ ತೆರೆದರೆ ನಿಮ್ಮ ಮುಖ್ಯ ವೆಬ್‌ಸೈಟಿಗೆ ಹೋಗುವಂತೆ ಮಾಡಿಡಿ.

ನಂತರ ಗೂಗಲ್ ವರ್ಕ್‌ಸ್ಪೇಸಿನಲ್ಲಿ ಒಂದು ಮೇಲ್ ಖಾತೆ. ಮುಂದಿನ ಕೆಲಸ, ಡೊಮೇನ್ ಕೊಂಡ ಸೈಟಿನಲ್ಲಿ ಅದರ ತಾಂತ್ರಿಕ ವಿವರ ತುಂಬುವ ಡಿಎನ್‌ಎಸ್ ಪುಟದಲ್ಲಿ ಮೂರು ಟಿಎಕ್ಸ್‌ಟಿ ದಾಖಲೆ ಹಾಕುವುದು.

ಮೊದಲನೆಯದು ಎಸ್‌ಪಿಎಫ್: ಈ ಡೊಮೇನಿನ ಹೆಸರಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ. ಗೂಗಲ್‌ನ ಸಹಾಯ ಪುಟದಲ್ಲಿರುವ ಸಾಲನ್ನು ಹಾಗೆಯೇ ತಂದು ಹಾಕಬೇಕು. ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಬೇರೆ ಸೇವೆಗೆಂದು ಹಳೆಯದೊಂದು ಇದ್ದು ಅದರ ಕೆಳಗೆ ಎರಡನೆಯದನ್ನು ಸೇರಿಸಿದರೆ ಎರಡೂ ಕೆಲಸ ಮಾಡುವುದಿಲ್ಲ. ಎರಡನ್ನೂ ಒಂದೇ ಸಾಲಿಗೆ ಕೂಡಿಸಬೇಕು.

ಎರಡನೆಯದು ಡಿಕೆಐಎಂ, ಪ್ರತಿ ಮೇಲಿಗೂ ಬೀಳುವ ಸಹಿ. ಅಡ್ಮಿನ್ ಕನ್ಸೋಲಿನಲ್ಲಿ ಆಪ್ಸ್, ಗೂಗಲ್ ವರ್ಕ್‌ಸ್ಪೇಸ್, ಜಿಮೇಲ್, ‘ಅಥೆಂಟಿಕೇಟ್ ಇಮೇಲ್’ ಎಂಬಲ್ಲಿಗೆ ಹೋಗಿ ಆ ಸಹಿಗೆ ಬೇಕಾದ 2048 ಬಿಟ್ ಕೀ ಮಾಡಿಕೊಂಡು ಡಿಎನ್‌ಎಸ್ ಪುಟದಲ್ಲಿ ಹಾಕಿ. ಖಾತೆ ತೀರಾ ಹೊಸದಾದರೆ ಕೀ ಸಿಗಲು ಒಂದರಿಂದ ಮೂರು ದಿನ ಕಾಯಬೇಕಾಗಬಹುದು. ಇಲ್ಲಿ ಎರಡು ಕಡೆ ಎಡವುತ್ತಾರೆ. ಹೋಸ್ಟ್ ಎಂಬ ಜಾಗದಲ್ಲಿ ಡೊಮೇನಿನ ಪೂರ್ತಿ ಹೆಸರು ತುಂಬುತ್ತಾರೆ. ಬಹಳಷ್ಟು ರಿಜಿಸ್ಟ್ರಾರುಗಳು (ಡೊಮೇನ್ ಮಾರುವವರು) ಡೊಮೇನನ್ನು ತಾವೇ ಸೇರಿಸುವುದರಿಂದ ಹೆಸರು ಎರಡು ಸಲ ಬಂದು ದಾಖಲೆ ಯಾರಿಗೂ ಕಾಣದೆ ಉಳಿಯುತ್ತದೆ. ಇನ್ನೊಂದು, ದಾಖಲೆ ಹಾಕಿದ ಮೇಲೆ ಕನ್ಸೋಲಿಗೆ ವಾಪಸ್ ಬಂದು ‘ಸ್ಟಾರ್ಟ್ ಅಥೆಂಟಿಕೇಷನ್’ ಒತ್ತುವುದನ್ನು ಮರೆಯುತ್ತಾರೆ. ಒತ್ತದಿದ್ದರೆ ಸಹಿ ಬೀಳುವುದೇ ಇಲ್ಲ. ದಾಖಲೆ ಹರಡಲು 48 ಗಂಟೆವರೆಗೆ ಹಿಡಿಯಬಹುದು.

ಮೂರನೆಯದು ಡಿಮಾರ್ಕ್: ಮೊದಲ ಎರಡು ಪರೀಕ್ಷೆಯಲ್ಲಿ ಮೇಲ್ ಫೇಲಾದರೆ ಏನು ಮಾಡಬೇಕು ಎಂಬ ಸೂಚನೆ. ಆರಂಭದಲ್ಲಿ ‘ನನ್’ (none, ಏನೂ ಮಾಡಬೇಡ) ಎಂಬ ನೀತಿ ಇಟ್ಟು, ವರದಿ ಬರಲು ಒಂದು ಇಮೇಲ್ ಕೊಡಿ. ಎಲ್ಲ ಸರಿ ಇದೆ ಎಂದು ಒಂದೆರಡು ತಿಂಗಳು ಕಂಡ ಮೇಲೆ ‘ಕ್ವಾರಂಟೈನ್’ಗೆ (ಸ್ಪ್ಯಾಮಿಗೆ ಹಾಕು) ಏರಿಸಬಹುದು.

ಸರಿಯಾಯಿತೋ ಇಲ್ಲವೋ ತಿಳಿಯಲು ನಿಮ್ಮದೇ ವೈಯಕ್ತಿಕ ಜಿಮೇಲಿಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರಿನಲ್ಲಿ ಅದನ್ನು ತೆರೆದು ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಮೇಲ್ಗಡೆಯೇ ಮೂರರ ಹೆಸರೂ ಪಕ್ಕದಲ್ಲಿ ‘ಪಾಸ್’ ಎಂಬ ಪದವೂ ಕಾಣಬೇಕು. ಮೂರೂ ಪಾಸಾಗುವ ತನಕ ಹೊರಗಿನವರಿಗೆ ಒಂದು ಮೇಲನ್ನೂ ಕಳಿಸಬೇಡಿ.

2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿಯಾಗಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಮೇಲನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ ಮೂರೂ ಕಡ್ಡಾಯ. ಸ್ಪ್ಯಾಮ್ ದೂರು ಶೇ. 0.3 ಮುಟ್ಟಕೂಡದು, ಶೇ. 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ನೀವು ಕಳಿಸುವುದು ದಿನಕ್ಕೆ ಹತ್ತೇ ಆದರೂ ಲೆಕ್ಕ ಮಾಡಿ ನೋಡಿ: ಶೇ. 0.3 ಎಂದರೆ ಸಾವಿರಕ್ಕೆ ಮೂವರು. ತಿಂಗಳಿಗೆ ಇನ್ನೂರು ಕಳಿಸುವವರಿಗೆ ಒಬ್ಬ ಸಿಟ್ಟಾದರೂ ಶೇ. 0.5 ಆಗುತ್ತದೆ. ಸಣ್ಣ ಪಟ್ಟಿಯವರು ಒಬ್ಬೊಬ್ಬರ ಮನಸ್ಸನ್ನೂ ಕಾಯಬೇಕಾದದ್ದು ಇದಕ್ಕೇ.

ಖಾತೆ ಪಳಗಿಸುವುದು

ಹೊಸ ಖಾತೆಯಿಂದ ಮೊದಲ ವಾರ ದಿನಕ್ಕೆ ನಾಲ್ಕೈದು ಮೇಲ್, ಅದೂ ಪರಿಚಯದವರಿಗೆ, ಉತ್ತರ ಬರೆಯುವವರಿಗೆ. ಎರಡನೆಯ ವಾರ ಎಂಟು, ಮೂರನೆಯ ವಾರ ಹತ್ತು. ನಾಲ್ಕನೆಯ ವಾರದಿಂದ ಕೋಲ್ಡ್ ಮೇಲ್ ಶುರು ಮಾಡಿ. ವರ್ಕ್‌ಸ್ಪೇಸ್ ದಿನಕ್ಕೆ 2,000 ಮೇಲಿನವರೆಗೆ ಬಿಡುತ್ತದೆ ನಿಜ, ಅದು ಮಿತಿ ಮಾತ್ರ. ಒಂದು ಖಾತೆಯಿಂದ ದಿನಕ್ಕೆ ಇಪ್ಪತ್ತೈದು ಮೀರಬೇಡಿ. ರೋಬೋಟುಗಳೇ ಒಂದಕ್ಕೊಂದು ಮೇಲ್ ಬರೆದುಕೊಳ್ಳುವ ‘ವಾರ್ಮಪ್’ ಸೇವೆಗಳು ಈ ಪ್ರಮಾಣಕ್ಕೆ ಬೇಕಿಲ್ಲ.

ಮೇಲ್ ಬರೆಯುವುದು

ಬಹುತೇಕರು ಕಳಿಸುವುದು ಹೀಗಿರುತ್ತದೆ: ‘ಡಿಯರ್ ಸರ್, ನಾವು 360 ಡಿಗ್ರಿ ಡಿಜಿಟಲ್ ಮಾರ್ಕೆಟಿಂಗ್ ಸೇವೆ ನೀಡುವ ಮುಂಚೂಣಿ ಸಂಸ್ಥೆ. ನಮ್ಮ ಸೇವೆಗಳು ಈ ಕೆಳಗಿನಂತಿವೆ…’ ಇದನ್ನು ಯಾರಿಗೆ ಬೇಕಾದರೂ ಕಳಿಸಬಹುದು. ಅದಕ್ಕೇ ಯಾರೂ ಓದುವುದಿಲ್ಲ. ಪಿ.ಜೆ. ಬಡಾವಣೆಯ ಒಂದು ಕಣ್ಣಿನ ಆಸ್ಪತ್ರೆಗೆ ಬರೆಯುತ್ತೀರಿ ಎಂದುಕೊಳ್ಳಿ. ಹದಿನೈದು ನಿಮಿಷದ ತಯಾರಿ ಎಂದರೆ ಅವರ ಬೋರ್ಡು, ಗೂಗಲ್ ಪಟ್ಟಿ (ಮ್ಯಾಪ್ಸ್‌ನಲ್ಲಿ ಕಾಣುವ ಅವರ ವಿವರ), ವೆಬ್‌ಸೈಟು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಎಲ್ಲೋ ಒಂದು ಕಡೆ ಹೊಂದಿಕೆ ತಪ್ಪಿರುತ್ತದೆ. ಆಗ ಮೇಲ್ ಹೀಗಾಗುತ್ತದೆ:

ವಿಷಯ: ಭಾನುವಾರದ ಓಪಿಡಿ ಗೂಗಲ್‌ನಲ್ಲಿ ಕಾಣುತ್ತಿಲ್ಲ

‘ನಮಸ್ಕಾರ ಡಾಕ್ಟ್ರೇ,

ನಿಮ್ಮ ಬೋರ್ಡಿನಲ್ಲಿ ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಓಪಿಡಿ ಇದೆ ಎಂದಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಭಾನುವಾರ ಮುಚ್ಚಿದೆ ಎಂದು ತೋರಿಸುತ್ತಿದೆ. ಜಗಳೂರು, ಹರಪನಹಳ್ಳಿ ಕಡೆಯಿಂದ ಬರುವವರು ಬಸ್ಸು ಹತ್ತುವ ಮುಂಚೆ ಅದನ್ನು ನೋಡಿ ಹಿಂದೆ ಸರಿಯಬಹುದು.

ಇದನ್ನು ನಿಮ್ಮ ರಿಸೆಪ್ಷನ್‌ನವರೇ ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಹೇಗೆಂದು ಬೇಕಿದ್ದರೆ ಬರೆದು ಕಳಿಸುತ್ತೇವೆ, ಅದಕ್ಕೆ ಹಣ ಬೇಡ.

ನಾವು ವಿದ್ಯಾನಗರದಲ್ಲಿದ್ದೇವೆ, ಆಸ್ಪತ್ರೆಗಳ ವೆಬ್‌ಸೈಟು ಮತ್ತು ಗೂಗಲ್ ಪಟ್ಟಿ ನೋಡಿಕೊಳ್ಳುತ್ತೇವೆ. ಇಂಥದ್ದೇ ಇನ್ನೆರಡು ವಿಷಯ ಕಂಡಿವೆ. ಬುಧವಾರ ಅಥವಾ ಗುರುವಾರ ಓಪಿಡಿ ಮುಗಿದ ಮೇಲೆ ಹತ್ತು ನಿಮಿಷ ಬಂದು ತೋರಿಸಬಹುದೇ?

ಬೇಡವಾದರೆ ‘ಬೇಡ’ ಎಂದು ಬರೆದರೆ ಸಾಕು, ಮತ್ತೆ ಬರೆಯುವುದಿಲ್ಲ.’

ಇದರಲ್ಲಿ ಏನೇನು ನಡೆದಿದೆ ನೋಡಿ. ವಿಷಯದ ಸಾಲು ನಾಲ್ಕೇ ಪದ, ಮೊಬೈಲಿನಲ್ಲಿ ಕತ್ತರಿಸಿ ಹೋಗುವುದಿಲ್ಲ. ಇಂಗ್ಲಿಷ್ ಮೇಲುಗಳ ರಾಶಿಯಲ್ಲಿ ಕನ್ನಡದ ಸಾಲು ಕಣ್ಣಿಗೆ ಬೀಳುತ್ತದೆ. ಮೊದಲ ಎರಡು ವಾಕ್ಯ ಓದುಗರ ಬಗ್ಗೆ, ನಿಮ್ಮ ಬಗ್ಗೆ ಇರುವುದು ಒಂದೇ ವಾಕ್ಯ. ಪರಿಹಾರವನ್ನು ಪುಕ್ಕಟೆ ಕೊಟ್ಟಿರುವುದರಿಂದ ಬೆದರಿಸಿ ಕೆಲಸ ಕೇಳಿದಂತೆ ಆಗುವುದಿಲ್ಲ. ಉಳಿದ ಎರಡು ವಿಷಯ ಏನೆಂದು ಹೇಳಿಲ್ಲ, ಆದರೆ ಅವು ನಿಜವಾಗಿಯೂ ನಿಮ್ಮ ಶೀಟಿನಲ್ಲಿ ಬರೆದಿರಬೇಕು. ಇಲ್ಲದ್ದನ್ನು ಇದೆ ಎಂದು ಬರೆದರೆ ಎದುರು ಕೂತಾಗ ಮಾತು ತಪ್ಪುತ್ತದೆ. ಕೇಳಿರುವುದು ಹತ್ತೇ ನಿಮಿಷ, ಅದೂ ಅವರ ಕೆಲಸದ ಹೊತ್ತು ನೋಡಿಕೊಂಡು.

‘ರೋಗಿಗಳ ಸಂಖ್ಯೆ ದುಪ್ಪಟ್ಟು ಮಾಡುತ್ತೇವೆ’ ಎಂದು ಡಾಕ್ಟರಿಗೆ ಎಂದೂ ಬರೆಯಬೇಡಿ. ವೈದ್ಯರು ಜಾಹೀರಾತಿನ ಮೂಲಕ ರೋಗಿಗಳನ್ನು ಸೆಳೆಯುವುದಕ್ಕೆ 2002ರ ವೈದ್ಯಕೀಯ ವೃತ್ತಿ ನೀತಿ ನಿಯಮಗಳಲ್ಲಿ ನಿರ್ಬಂಧವಿದೆ. ಸಮಯ, ವಿಳಾಸ, ಸೌಲಭ್ಯದ ಮಾಹಿತಿ ಸರಿಯಾಗಿ ಇಡುವುದು ಬೇರೆ ಮಾತು. ಈ ಗೆರೆ ನಿಮಗೆ ಗೊತ್ತಿದೆ ಎಂದು ಮೇಲ್ ಓದಿದಾಗಲೇ ಅವರಿಗೆ ಅನ್ನಿಸಬೇಕು. ಪ್ರತಿ ಧಂದೆಗೂ ಇಂಥದ್ದೊಂದು ಗೆರೆ ಇರುತ್ತದೆ, ಬರೆಯುವ ಮುಂಚೆ ತಿಳಿದುಕೊಳ್ಳಿ.

ಎದುರಿನವರ ತಪ್ಪನ್ನು ಹೇಳುವಾಗ ದನಿ ಮುಖ್ಯ. ‘ನಿಮ್ಮ ವೆಬ್‌ಸೈಟ್ ತುಂಬಾ ಹಳೆಯದು’ ಎಂದರೆ ಮನಸ್ಸಿಗೆ ನೋವು, ಅದನ್ನು ಮಾಡಿದ್ದು ಅವರ ಅಳಿಯನೇ ಇರಬಹುದು. ‘ಫೋನ್ ನಂಬರ್ ಒತ್ತಿದರೆ ಹಳೆಯ ಲ್ಯಾಂಡ್‌ಲೈನಿಗೆ ಹೋಗುತ್ತಿದೆ’ ಎಂದರೆ ಅದು ಸುದ್ದಿ, ಸರಿಮಾಡಿಕೊಳ್ಳುತ್ತಾರೆ. ಪಕ್ಕದ ಅಂಗಡಿಯ ಹೆಸರು ಹೇಳಿ ಹೋಲಿಸುವುದಂತೂ ಬೇಡವೇ ಬೇಡ.

ಭಾಷೆ ಯಾವುದಿರಲಿ ಎಂದರೆ, ಯಜಮಾನರೇ ಓದುವ ಕಡೆ ಕನ್ನಡ, ಪರ್ಚೇಸ್ ಮ್ಯಾನೇಜರ್ ಓದುವ ಕಡೆ ಸರಳ ಇಂಗ್ಲಿಷ್. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ, ಅದು ಹುಡುಗರ ಚಾಟ್‌ನಂತೆ ಕಾಣುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೇಲಿಗೆ ಅಂಟಿಸಿದರೆ ಎದುರಿನವರ ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಷ್ಟೇ ಕಾಣುತ್ತವೆ. ಆ ಫಾಂಟು ಅವರ ಮೊಬೈಲಿನಲ್ಲಿ ಇರುವುದಿಲ್ಲ. ಡಿಟಿಪಿ ಕೆಲಸ ಮಾಡುವ ಏಜೆನ್ಸಿಗಳಲ್ಲಿ ಇದು ಪದೇ ಪದೇ ಆಗುವ ತಪ್ಪು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಕಳಿಸುವ ಮುಂಚೆ ಒಮ್ಮೆ ಮೊಬೈಲಿನಲ್ಲಿ ತೆರೆದು ನೋಡಿ.

ಮೊದಲ ಮೇಲಿನಲ್ಲಿ ಬ್ರೋಷರ್ ಪಿಡಿಎಫ್, ಚಿತ್ರ, ಚಿಕ್ಕದು ಮಾಡಿದ ಲಿಂಕು ಯಾವುದೂ ಬೇಡ. ಕೆಳಗಡೆ ಹೆಸರು, ಫೋನು, ಆಫೀಸಿನ ಪೂರ್ಣ ವಿಳಾಸ ಇರಲಿ, ಪಕ್ಕದಲ್ಲಿರುವ ಬ್ಯಾಂಕು ಅಥವಾ ದೇವಸ್ಥಾನದ ಗುರುತು ಸಮೇತ. ಬೇಕಾದರೆ ಬಂದು ಹಿಡಿಯಬಹುದಾದ ಮನುಷ್ಯ ಎಂಬ ನಂಬಿಕೆಗೆ ಅದೊಂದೇ ಸಾಲು ಸಾಕು. ಮೇಲಿನೊಳಗೆ ಒಂದು ಅದೃಶ್ಯ ಚಿತ್ರ ಅಡಗಿಸಿ, ಮೇಲ್ ತೆರೆದರೋ ಇಲ್ಲವೋ ಎಂದು ತೋರಿಸುವ ಟ್ರ್ಯಾಕಿಂಗನ್ನು ಬಂದ್ ಮಾಡಿ. 2021ರಿಂದ ಆಪಲ್ ಮೇಲ್ ಆ ಅದೃಶ್ಯ ಚಿತ್ರವನ್ನು ತಾನೇ ಮೊದಲೇ ಇಳಿಸಿಕೊಳ್ಳುವ ವ್ಯವಸ್ಥೆ ತಂದಿರುವುದರಿಂದ ಆ ಲೆಕ್ಕ ನಂಬುವಂತಿಲ್ಲ. ಎಣಿಸಬೇಕಾದದ್ದು ಉತ್ತರಗಳನ್ನು.

ಯಾವಾಗ ಕಳಿಸಬೇಕು

ಡಾಕ್ಟರಿಗೆ ಮಧ್ಯಾಹ್ನದ ಓಪಿಡಿ ಮುಗಿಯುವ ಹೊತ್ತಿಗೆ, ಕಾಲೇಜು ಮತ್ತು ಫ್ಯಾಕ್ಟರಿಗೆ ಬೆಳಿಗ್ಗೆ ಹತ್ತೂವರೆಗೆ, ಬಟ್ಟೆ ಅಂಗಡಿಗೆ ಸಂಜೆಯ ಗಿರಾಕಿ ಶುರುವಾಗುವ ಮುಂಚೆ ಮೂರು ಗಂಟೆಗೆ. ತಿಂಗಳ 20ನೇ ತಾರೀಖಿನ ಆಸುಪಾಸು ಜಿಎಸ್‌ಟಿ ರಿಟರ್ನಿನ ಗಡಿಬಿಡಿ, ಆಗ ಸುಮ್ಮನಿರಿ. ಮದುವೆ ಸೀಸನ್ನಿನಲ್ಲಿ ಸೀರೆ ಅಂಗಡಿಯವರಿಗೆ ಬರೆಯುವುದು ದಂಡ. ಆಷಾಢದಲ್ಲಿ ಬರೆಯಿರಿ: ಅಂಗಡಿಯಲ್ಲಿ ಮದುವೆ ಗಿರಾಕಿ ಇರುವುದಿಲ್ಲ, ಯಜಮಾನರು ಶ್ರಾವಣದ ಲೆಕ್ಕ ಹಾಕುತ್ತಾ ಕೂತಿರುತ್ತಾರೆ.

ಉತ್ತರ ಬಾರದಿದ್ದರೆ ನಾಲ್ಕನೆಯ ದಿನ ಅದೇ ಮೇಲಿನ ಕೆಳಗೆ ಎರಡು ಸಾಲು, ಹನ್ನೊಂದನೆಯ ದಿನ ಇನ್ನೊಂದು. ಪ್ರತಿ ಸಲವೂ ಹೊಸದೊಂದು ಉಪಯುಕ್ತ ವಿಷಯ ಇರಬೇಕು. ‘ನನ್ನ ಮೇಲ್ ನೋಡಿದಿರಾ’ ಎಂದಷ್ಟೇ ಕೇಳುವುದು ಸಾಲ ವಸೂಲಿಯಂತೆ ಕೇಳಿಸುತ್ತದೆ. ಎರಡನೆಯದರ ನಂತರ ಒಂದು ಫೋನ್ ಮಾಡಬಹುದು, ನಮ್ಮ ಕಡೆ ಅದು ಅತಿಯಾಗುವುದಿಲ್ಲ: ‘ಸರ್, ಭಾನುವಾರದ ಓಪಿಡಿ ಬಗ್ಗೆ ಮೇಲ್ ಹಾಕಿದ್ವಿ, ತಲುಪಿತಾ ಅಂತ ಕೇಳೋಕೆ ಮಾಡಿದೆ.’ ಅಲ್ಲಿಗೆ ಮುಗಿಸಿ, ಆರು ತಿಂಗಳು ಆ ಹೆಸರನ್ನು ಮುಟ್ಟಬೇಡಿ.

ಉತ್ತರ ಬಂದಾಗ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ‘ಬಂದು ಕಾಣಿ’ ಎಂದರೆ ಅದು ಹೂಂ ಎಂದಂತೆಯೇ. ಒಂದು ಗಂಟೆಯೊಳಗೆ ಉತ್ತರಿಸಿ, ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲು ಹೋಗಿ. ಲ್ಯಾಪ್‌ಟಾಪಿನಲ್ಲಿ ನಲವತ್ತು ಸ್ಲೈಡ್ ಬೇಡ. ಕಂಡ ಮೂರು ವಿಷಯವನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಹಾಕಿಸಿ ಮೇಜಿನ ಮೇಲಿಡಿ, ಅದು ಅಲ್ಲೇ ಉಳಿಯುತ್ತದೆ, ಮಗ ಬಂದಾಗ ತೋರಿಸುತ್ತಾರೆ.

‘ರೇಟ್ ಎಷ್ಟು?’ ಎಂದಷ್ಟೇ ಬಂದರೆ ಮೀಟಿಂಗಿನಲ್ಲಿ ಹೇಳುತ್ತೇವೆ ಎಂದು ಜಾರಿಕೊಳ್ಳಬೇಡಿ. ಒಂದು ಸಣ್ಣ ಕೆಲಸಕ್ಕೆ ನಿಖರ ಬೆಲೆ, ತಿಂಗಳ ಕೆಲಸಕ್ಕೆ ಕನಿಷ್ಠದಿಂದ ಗರಿಷ್ಠದ ಅಂದಾಜು ಬರೆಯಿರಿ. ಜಿಎಸ್‌ಟಿ ನೋಂದಣಿ ಇದ್ದರೆ ಶೇ. 18 ಸೇರಿಸಿಯೋ ಬಿಟ್ಟೋ ಎಂಬುದನ್ನು ಅಲ್ಲೇ ಹೇಳಿ. ಬಿಲ್ ಕೊಡುವಾಗ ಹೇಳಿದರೆ ಜಗಳ. ಉದ್ರಿ ಕೆಲಸ ಒಪ್ಪಿಕೊಳ್ಳಬೇಡಿ, ಅರ್ಧ ಮುಂಗಡ ಎಂದು ಕೊಟೇಷನ್ನಿನಲ್ಲೇ ಇರಲಿ.

‘ನಮ್ಮ ಹುಡುಗನೇ ನೋಡ್ಕೊಳ್ತಾನೆ’ ಎಂದರೆ ಆ ಹುಡುಗನನ್ನು ಎದುರು ಹಾಕಿಕೊಳ್ಳಬೇಡಿ. ಕಂಡ ವಿಷಯಗಳನ್ನು ಅವನಿಗೇ ಕಳಿಸಿಕೊಡಿ, ಅವನಿಗೆ ಆಗದ ಕೆಲಸ ಬಂದಾಗ ಮೊದಲ ಫೋನ್ ನಿಮಗೇ ಬರಬಹುದು. ‘ಆಮೇಲೆ ನೋಡೋಣ’ ಎನ್ನುವುದು ನಮ್ಮ ಕಡೆಯವರು ಮರ್ಯಾದೆಯಿಂದ ಬೇಡ ಎನ್ನುವ ರೀತಿ, ಹಾಗೇ ತೆಗೆದುಕೊಳ್ಳಿ. ‘ಹಬ್ಬ ಆದ್ಮೇಲೆ ಬನ್ನಿ’ ಬೇರೆ. ಯಾವ ಹಬ್ಬ ಎಂದು ಕೇಳಿ, ಶೀಟಿನಲ್ಲಿ ತಾರೀಖು ಬರೆದು, ಆ ವಾರವೇ ಹೋಗಿ. ಹೋಗುವವರು ಕಡಿಮೆ ಇರುವುದರಿಂದ ಅದು ಅವರಿಗೆ ನೆನಪಿರುತ್ತದೆ.

ಹೊರದೇಶಕ್ಕೆ ಬರೆಯುವುದಾದರೆ

ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ ಕೋಲ್ಡ್ ಮೇಲನ್ನು ತಡೆಯುವುದಿಲ್ಲ. ಆದರೆ ಅಂಚೆ ವಿಳಾಸ ಇರಬೇಕು, ವಿಷಯದ ಸಾಲು ಮೋಸದ್ದಾಗಿರಬಾರದು, ಬೇಡ ಎಂದವರನ್ನು ಹತ್ತು ಕೆಲಸದ ದಿನದೊಳಗೆ ಕೈಬಿಡಬೇಕು. ಜರ್ಮನಿಯಲ್ಲಿ ಕಂಪನಿಗಳಿಗೆ ಬರೆಯಲೂ ಮೊದಲೇ ಒಪ್ಪಿಗೆ ಬೇಕು, ಆ ಕಡೆ ಹೋಗದಿರುವುದೇ ಒಳ್ಳೆಯದು. ಕೆನಡಾದ ಕಾನೂನೂ ಬಿಗಿ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿ ಅದರ ವ್ಯಾಪ್ತಿಯಿಂದ ಹೊರಗಿದೆ. ಬೋರ್ಡಿನಿಂದ, ವೆಬ್‌ಸೈಟಿನಿಂದ ಪಡೆದ ವಿಳಾಸಕ್ಕೂ ಕೊಂಡ ಪಟ್ಟಿಗೂ ಇರುವ ವ್ಯತ್ಯಾಸ ಇದು. ಯಾವ ವಿಳಾಸ ಎಲ್ಲಿ ಸಿಕ್ಕಿತು ಎಂದು ಶೀಟಿನಲ್ಲಿ ಬರೆದಿಡಿ.

ಕೆಟ್ಟರೆ ಎಲ್ಲಿ ನೋಡಬೇಕು

ವಾಪಸ್ ಬಂದ ಮೇಲಿನಲ್ಲಿ ‘550 5.1.1’ ಇದ್ದರೆ ಆ ವಿಳಾಸವೇ ಇಲ್ಲ, ಶೀಟಿನಿಂದ ತೆಗೆಯಿರಿ. ನೂರಕ್ಕೆ ಎರಡಕ್ಕಿಂತ ಹೆಚ್ಚು ಹೀಗೆ ಬಂದರೆ ಪಟ್ಟಿ ಮಾಡುವ ರೀತಿ ತಪ್ಪಿದೆ. ‘5.7.26’ ಬಂದರೆ ಎಸ್‌ಪಿಎಫ್ ಅಥವಾ ಡಿಕೆಐಎಂ ಮುರಿದಿದೆ, ಡಿಎನ್‌ಎಸ್ ಪುಟಕ್ಕೆ ವಾಪಸ್ ಹೋಗಿ. ‘421’ ಎಂದರೆ ತಾತ್ಕಾಲಿಕ ತಡೆ, ಆ ದಿನ ನಿಲ್ಲಿಸಿ ಮರುದಿನ ಅರ್ಧದಷ್ಟೇ ಕಳಿಸಿ.

ಯಾವುದೂ ವಾಪಸ್ ಬರುತ್ತಿಲ್ಲ, ಉತ್ತರವೂ ಇಲ್ಲ ಎಂದರೆ ನಿಮ್ಮದೇ ಮೂರು ಬೇರೆ ಖಾತೆಗಳಿಗೆ, ಒಂದು ಜಿಮೇಲ್, ಒಂದು ಔಟ್‌ಲುಕ್, ಒಂದು ಯಾಹೂ, ಅದೇ ಮೇಲ್ ಕಳಿಸಿ ಎಲ್ಲಿ ಬೀಳುತ್ತದೆ ನೋಡಿ. ಸ್ಪ್ಯಾಮಿನಲ್ಲಿ ಬಿದ್ದರೆ ಲಿಂಕು ತೆಗೆದು ಮತ್ತೆ ಪರೀಕ್ಷಿಸಿ. ಆಗಲೂ ಸ್ಪ್ಯಾಮಾದರೆ ಡೊಮೇನಿನ ಹೆಸರು ಕೆಟ್ಟಿದೆ. ಎರಡು ವಾರ ಕೋಲ್ಡ್ ಮೇಲ್ ಪೂರ್ತಿ ನಿಲ್ಲಿಸಿ, ಪರಿಚಯದವರ ಜೊತೆ ದಿನಕ್ಕೆ ನಾಲ್ಕೈದು ಮೇಲ್ ಮಾತ್ರ ನಡೆಸಿ. ಇನ್‌ಬಾಕ್ಸಿಗೇ ಬೀಳುತ್ತಿದ್ದು ನೂರರಲ್ಲಿ ಇಬ್ಬರೂ ಉತ್ತರಿಸುತ್ತಿಲ್ಲವಾದರೆ ತಾಂತ್ರಿಕ ದೋಷವಿಲ್ಲ. ಶೀಟಿನ ಐದನೆಯ ಕಾಲಂ ತೆರೆದು, ಅಲ್ಲಿ ಬರೆದ ವಿಷಯಗಳಲ್ಲಿ ಎಷ್ಟು ಆ ಒಂದು ಅಂಗಡಿಗೆ ಮಾತ್ರ ಸಲ್ಲುತ್ತವೆ ಎಂದು ಒಂದೊಂದಾಗಿ ಎಣಿಸಿ, ಉಳಿದವನ್ನು ಹೊಡೆದುಹಾಕಿ ಮತ್ತೆ ಬೋರ್ಡು ನೋಡಲು ಹೋಗಿ.